ತಾ||, ಜಿ||, ರೂ., ಕೆ.ಜಿ.: ಪ್ಯಾಟರ್ನ್ ಬಳಸಿ ಪದ ಬದಲಿಸುವಾಗ ವಿಶೇಷ ಚಿಹ್ನೆಗಳನ್ನು ಎಸ್ಕೇಪ್ ಮಾಡುವ ಬಗೆ

ಚಿಂತಾಮಣಿ ಕಡೆಯ ಸಹಕಾರ ಸಂಘವೊಂದರ ಸದಸ್ಯರ ವಿಳಾಸಪಟ್ಟಿಯನ್ನು ತಿದ್ದಿ ಕೊಡುವ ಕೆಲಸ ಒಮ್ಮೆ ನನ್ನ ಪಾಲಿಗೆ ಬಂದಿತ್ತು. ಪಟ್ಟಿಯ ಬಹುಭಾಗ 2007ಕ್ಕೆ ಮೊದಲು, ಅಂದರೆ ಚಿಕ್ಕಬಳ್ಳಾಪುರವು ಕೋಲಾರದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾಗುವ ಮುನ್ನ ಟೈಪ್ ಆಗಿದ್ದು, ಆಮೇಲೆ ಯಾರೋ ಅದನ್ನು ಯೂನಿಕೋಡಿಗೆ ಪರಿವರ್ತಿಸಿದ್ದರು. ಹೀಗಾಗಿ ಗೌರಿಬಿದನೂರು, ಬಾಗೇಪಲ್ಲಿ, ಶಿಡ್ಲಘಟ್ಟದವರೆಲ್ಲ ಇನ್ನೂ ‘ಕೋಲಾರ ಜಿ||’ ಎಂಬಲ್ಲಿಯೇ ಉಳಿದಿದ್ದರು. ‘ಜಿ||’ ಎಂಬುದನ್ನು ‘ಜಿಲ್ಲೆ’ ಎಂದು ಬದಲಿಸಲು ಎಡಿಟರಿನ ‘ಹುಡುಕು, ಬದಲಿಸು’ ಪೆಟ್ಟಿಗೆಯಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ (ನಿಶ್ಚಿತ ಪದದ ಬದಲು ಚಿಹ್ನೆಗಳಿಂದ ಬರೆದ ಮಾದರಿಯನ್ನು, ಅಂದರೆ ಪ್ಯಾಟರ್ನನ್ನು, ಕೊಟ್ಟು ಹುಡುಕುವ ಬಗೆ) ಆಯ್ಕೆಯನ್ನು ಗುರುತು ಮಾಡಿ, ಎಲ್ಲವನ್ನೂ ಬದಲಿಸುವ ಗುಂಡಿಯನ್ನು ಒತ್ತಿದೆ. ಪಟ್ಟಿಯ ಪ್ರತಿಯೊಂದು ಅಕ್ಷರದ ಹಿಂದೆಯೂ ಮುಂದೆಯೂ ‘ಜಿಲ್ಲೆ’ ಎಂಬ ಪದ ತುಂಬಿಕೊಂಡು, ಕಡತದ ಗಾತ್ರ ನೋಡನೋಡುತ್ತಿದ್ದಂತೆ ಹಲವು ಪಟ್ಟು ಬೆಳೆಯಿತು. ಪ್ರತಿ ಇಟ್ಟುಕೊಂಡಿದ್ದರಿಂದ ನಷ್ಟವೇನೂ ಆಗಲಿಲ್ಲವಾದರೂ, ಆ ಎರಡು ನೆಟ್ಟಗಿನ ಗೆರೆಗಳು ಮಾಡಿದ ಅನಾಹುತಕ್ಕೆ ಕಾರಣವೇನೆಂದು ತಿಳಿಯಲು ಇಡೀ ಸಂಜೆ ಬೇಕಾಯಿತು. ಅದೇ ಪಟ್ಟಿಯ ಸಾಲುಗಳನ್ನು ಉದಾಹರಣೆಯಾಗಿ ಇಟ್ಟುಕೊಂಡು, ಈ ಕೆಲಸವನ್ನು ಹಂತಹಂತವಾಗಿ ಮಾಡುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲ ಹಂತ: ಪ್ಯಾಟರ್ನ್ ಬೇಕೇ ಬೇಕೆ?

ಒಂದು ನಿಶ್ಚಿತ ಪದವನ್ನು ಇನ್ನೊಂದು ನಿಶ್ಚಿತ ಪದದಿಂದ ಬದಲಿಸುವುದಷ್ಟೇ ನಿಮ್ಮ ಉದ್ದೇಶವಾಗಿದ್ದರೆ ರೆಗ್ಯುಲರ್ ಎಕ್ಸ್‌ಪ್ರೆಶನ್ ಆಯ್ಕೆಯನ್ನು ತೆಗೆದುಹಾಕಿ, ಸಾಮಾನ್ಯ ಬದಲಾವಣೆಯನ್ನೇ ಬಳಸಿ. ಪೈಥಾನ್‌ನಲ್ಲಿ ಸ್ಟ್ರಿಂಗ್‌ಗಳ (ಪಠ್ಯದ ತುಣುಕುಗಳ) ಜೊತೆಗೇ ಬರುವ ರೀಪ್ಲೇಸ್, ಜಾವಾದ ರೀಪ್ಲೇಸ್, ಗೂಗಲ್ ಶೀಟ್ಸ್‌ನ ಸಬ್‌ಸ್ಟಿಟ್ಯೂಟ್ ಇವೆಲ್ಲ ಕೊಟ್ಟ ಅಕ್ಷರಗಳನ್ನು ಇದ್ದಹಾಗೆಯೇ ಹುಡುಕುತ್ತವೆ. ಜಾವಾದಲ್ಲಿ ರೀಪ್ಲೇಸ್ ಮತ್ತು ರೀಪ್ಲೇಸ್‌ಆಲ್ ಎರಡೂ ಸಿಕ್ಕಿದ್ದನ್ನೆಲ್ಲ ಬದಲಿಸುತ್ತವೆ. ಎರಡನೆಯದು ಮಾತ್ರ ಪ್ಯಾಟರ್ನ್ ಓದುತ್ತದೆ. ಹೆಸರನ್ನು ನೋಡಿ ಮೋಸಹೋಗುವವರು ಬಹಳ. ಎಕ್ಸೆಲ್ ಬಳಸುವವರಿಗೆ ಒಂದು ಮಾತು: ಅಲ್ಲಿನ ಸಾಮಾನ್ಯ ಹುಡುಕಾಟದಲ್ಲಿಯೂ `*` ಮತ್ತು `?` ಚಿಹ್ನೆಗಳಿಗೆ ವಿಶೇಷ ಅರ್ಥವಿರುವುದರಿಂದ, ಅವುಗಳನ್ನೇ ಹುಡುಕಬೇಕಾದಾಗ ಹಿಂದೆ ಟಿಲ್ಡೆ ಹಾಕಿ `~*`, `~?` ಎಂದು ಬರೆಯಬೇಕು. ಬರಿಯ ನಕ್ಷತ್ರ ಚಿಹ್ನೆಯನ್ನು ಹುಡುಕಿ ಖಾಲಿಯಿಂದ ಬದಲಿಸಲು ಹೊರಟರೆ ಹಾಳೆಯಲ್ಲಿ ತುಂಬಿದ್ದೆಲ್ಲ ಅಳಿಸಿಹೋಗುತ್ತದೆ.

ನಮ್ಮ ಪಟ್ಟಿಗೆ ಮಾತ್ರ ಸಾಮಾನ್ಯ ಬದಲಾವಣೆ ಸಾಲದು. ‘ಕೋಲಾರ ಜಿ||’ ಇರುವಲ್ಲೆಲ್ಲ ‘ಚಿಕ್ಕಬಳ್ಳಾಪುರ ಜಿಲ್ಲೆ’ ಎಂದು ಬದಲಿಸಿದರೆ ಮಾಲೂರು, ಮುಳಬಾಗಿಲು, ಬಂಗಾರಪೇಟೆ, ಶ್ರೀನಿವಾಸಪುರದವರೂ ಗಡಿ ದಾಟಿಬಿಡುತ್ತಾರೆ. ಹೊಸ ಜಿಲ್ಲೆಗೆ ಸೇರಿದ ಆಗಿನ 6 ತಾಲ್ಲೂಕುಗಳ ಹೆಸರು ಹಿಂದೆ ಇದ್ದಾಗ ಮಾತ್ರ ಜಿಲ್ಲೆಯ ಹೆಸರು ಬದಲಾಗಬೇಕು. ಇಂಥ ಷರತ್ತು ಇರುವಾಗಲೇ ಪ್ಯಾಟರ್ನ್ ಅಗತ್ಯವಾಗುವುದು.

ಎರಡನೆಯ ಹಂತ: ಹುಡುಕುವ ಪೆಟ್ಟಿಗೆಯ ಚಿಹ್ನೆಗಳು

ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂಬ ಕಲ್ಪನೆಯನ್ನು 1950ರ ದಶಕದಲ್ಲಿ ಗಣಿತಜ್ಞ ಸ್ಟೀಫನ್ ಕ್ಲೀನಿ ರೂಪಿಸಿದರು. ಅದನ್ನು ಪಠ್ಯ ಹುಡುಕುವ ಸಾಧನವಾಗಿ ಮಾಡಿದ ಕೆನ್ ಥಾಂಪ್ಸನ್ ಅವರ ಲೇಖನ 1968ರಲ್ಲಿ ಪ್ರಕಟವಾಯಿತು. ‘ಯಾವುದಾದರೂ ಒಂದು ಅಕ್ಷರ’, ‘ಇದು ಅಥವಾ ಅದು’, ‘ಎಷ್ಟು ಸಲವಾದರೂ’ ಎಂಬ ಸೂಚನೆಗಳಿಗೆ ಪ್ರತ್ಯೇಕ ಕೀಲಿಗಳೇನೂ ಇರಲಿಲ್ಲವಾದ್ದರಿಂದ, ಕೀಲಿಮಣೆಯಲ್ಲಿದ್ದ ಸಾಮಾನ್ಯ ಚಿಹ್ನೆಗಳಿಗೇ ಆ ಕೆಲಸವನ್ನು ಒಪ್ಪಿಸಲಾಯಿತು. ಇಂದು ಬಹುತೇಕ ಭಾಷೆಗಳಲ್ಲಿ ಹೀಗೆ ಎರಡು ಕೆಲಸ ಮಾಡುವ ಚಿಹ್ನೆಗಳು 12:

`\  ^  $  .  |  ?  *  +  (  )  [  {`

ಇವುಗಳಲ್ಲಿ ಯಾವುದನ್ನಾದರೂ ಬರಿಯ ಅಕ್ಷರವೆಂದು ಪರಿಗಣಿಸಬೇಕಾದರೆ ಅದರ ಹಿಂದೆ ಬ್ಯಾಕ್‌ಸ್ಲ್ಯಾಶ್ ಹಾಕಬೇಕು. ಇದನ್ನೇ ಎಸ್ಕೇಪ್ ಮಾಡುವುದು ಎನ್ನುತ್ತಾರೆ. ಮುಚ್ಚುವ `]` ಮತ್ತು `}` ಚಿಹ್ನೆಗಳಿಗೆ ಅವುಗಳ ಜೋಡಿ ಮೊದಲೇ ತೆರೆದಿದ್ದಾಗ ಮಾತ್ರ ಅರ್ಥವಿರುತ್ತದೆ. ಕನ್ನಡದ ಯಾವ ಅಕ್ಷರಕ್ಕೂ, ಗುಣಿತ ಚಿಹ್ನೆಗೂ, `₹` ಗುರುತಿಗೂ ಎಸ್ಕೇಪ್ ಬೇಕಿಲ್ಲ.

ಕನ್ನಡ ಬರಹದಲ್ಲಿ ಈ 12 ಚಿಹ್ನೆಗಳು ಎಲ್ಲಿ ಬರುತ್ತವೆ ಎಂದು ಕೇಳಬಹುದು. ಲಗ್ನಪತ್ರಿಕೆಯ ‘ಚಿ|| ಸೌ||’ ಇಂದ ಹಿಡಿದು ಅರ್ಜಿಯ ‘ಕೊರಟಗೆರೆ ತಾ||, ತುಮಕೂರು ಜಿ||’ ತನಕ ನಾವು ಸಂಕ್ಷೇಪಕ್ಕೆ ಬಳಸುವ ಗುರುತೇ ಈ ನೆಟ್ಟಗಿನ ಗೆರೆ. ಪ್ಯಾಟರ್ನಿನಲ್ಲಿ ಅದರ ಅರ್ಥ ‘ಅಥವಾ’. ಆದ್ದರಿಂದ `ಜಿ||` ಎಂಬ ಪ್ಯಾಟರ್ನ್ ‘ಜಿ, ಅಥವಾ ಏನೂ ಇಲ್ಲದ್ದು, ಅಥವಾ ಏನೂ ಇಲ್ಲದ್ದು’ ಎಂದಾಗುತ್ತದೆ. ಏನೂ ಇಲ್ಲದ್ದು ಎಲ್ಲೆಡೆಯೂ ಇದ್ದೇ ಇರುತ್ತದೆ! ‘ಕೋಲಾರ’ ಎಂಬ ಪದದಲ್ಲಿ ಯೂನಿಕೋಡಿನ ಲೆಕ್ಕಕ್ಕೆ ಕ, ಓ ಗುಣಿತ, ಲ, ಆ ಗುಣಿತ, ರ ಎಂಬ 5 ಘಟಕಗಳಿವೆ. ಅವುಗಳ ಆದಿ, ಅಂತ್ಯ ಮತ್ತು ಸಂದುಗಳು ಸೇರಿ 6 ಜಾಗಗಳು. ಆ 6 ಜಾಗಗಳಲ್ಲಿಯೂ ‘ಜಿಲ್ಲೆ’ ಬಂದು ಕೂರುತ್ತದೆ. ನನ್ನ ಕಡತ ಊದಿಕೊಂಡದ್ದು ಹೀಗೆ. ಸರಿಯಾದ ಪ್ಯಾಟರ್ನ್ ಇದು:

`ಜಿ\|\|`

ಚುಕ್ಕಿಯ ಪಾಡು ಇದಕ್ಕಿಂತ ಮೋಸದ್ದು, ಏಕೆಂದರೆ ಅದು ಮಾಡುವ ತಪ್ಪು ಮೊದಲ ನೋಟಕ್ಕೆ ಸಿಗುವುದಿಲ್ಲ. ಪ್ಯಾಟರ್ನಿನಲ್ಲಿ ಚುಕ್ಕಿಗೆ ‘ಯಾವುದಾದರೂ ಒಂದು ಅಕ್ಷರ’ ಎಂಬ ಅರ್ಥವಿದೆ. ‘ರೂ.’ ಎಂಬುದನ್ನು `₹` ಗುರುತಿನಿಂದ ಬದಲಿಸಲು ಎಸ್ಕೇಪ್ ಮಾಡದ `ರೂ.` ಕೊಟ್ಟರೆ ‘ರೂ. 500’ ಎಂಬುದು ಚೆನ್ನಾಗಿಯೇ ‘₹ 500’ ಆಗುತ್ತದೆ. ಮೊದಲ ಪುಟದಲ್ಲಿ ನಾಲ್ಕು ಸಾಲು ಪರೀಕ್ಷಿಸಿದವರು ಎಲ್ಲವೂ ಸರಿಯಾಯಿತೆಂದೇ ಭಾವಿಸುತ್ತಾರೆ. ಆದರೆ ‘ರೂಪಾಯಿ’ ಎಂದು ಬರೆದಿರುವಲ್ಲೆಲ್ಲ ‘ರೂ’ ಆದಮೇಲಿನ ‘ಪ’ಕಾರವೂ ಚುಕ್ಕಿಗೆ ಬಲಿಯಾಗಿ, ‘₹ಾಯಿ’ ಎಂಬ ಉಚ್ಚರಿಸಲಾಗದ ರೂಪ ಉಳಿಯುತ್ತದೆ. ‘ಕೆ.ಜಿ.’ ಎಂಬುದನ್ನು ‘ಕಿಲೋ’ ಮಾಡಲು ಹೊರಟಾಗಲೂ ಹೀಗೆಯೇ: ‘ಟೊಮೆಟೊ ಬೇಡಿಕೆ ಜಿಲ್ಲೆಯಲ್ಲಿ ಹೆಚ್ಚಿದೆ’ ಎಂಬ ನಿರುಪದ್ರವಿ ವಾಕ್ಯದಲ್ಲಿ ‘ಕೆ’, ಖಾಲಿ ಜಾಗ, ‘ಜಿ’, ಮತ್ತು ‘ಲ್ಲೆ’ಯ ಮೊದಲ ಲಕಾರ ಒಂದರ ಪಕ್ಕದಲ್ಲಿ ಒಂದಿರುವುದರಿಂದ ಅದೂ ಪ್ಯಾಟರ್ನಿಗೆ ಹೊಂದುತ್ತದೆ, ವಾಕ್ಯ ‘ಬೇಡಿಕಿಲೋ’ ಎಂದು ಮುರಿದು, ಅದರ ಹಿಂದೆ ಒಂಟಿ ಹಲಂತದ ಗುರುತು ತೂಗಾಡುತ್ತದೆ. ಇಂಗ್ಲಿಷಿನಲ್ಲಿ ಚುಕ್ಕಿ ಒಂದು ಅಕ್ಷರವನ್ನು ನುಂಗಿದರೆ ಕನ್ನಡದಲ್ಲಿ ಅದು ಒತ್ತಕ್ಷರದ ಅರ್ಧವನ್ನು ನುಂಗಿ ಇನ್ನರ್ಧವನ್ನು ಬಿಡುವುದರಿಂದ ಗಾಯ ಹೆಚ್ಚು ಎದ್ದು ಕಾಣುತ್ತದೆ. ಬೇಕಾದ ಪ್ಯಾಟರ್ನುಗಳು ಇವು:

`ರೂ\. *`
`ಕೆ\.ಜಿ\.`

ಮೊದಲನೆಯದರಲ್ಲಿ ಚುಕ್ಕಿಯನ್ನು ಎಸ್ಕೇಪ್ ಮಾಡಿ ನಕ್ಷತ್ರವನ್ನು ಹಾಗೆಯೇ ಬಿಟ್ಟಿರುವುದನ್ನು ಗಮನಿಸಿ. ಚುಕ್ಕಿಯ ನಂತರ ಎಷ್ಟು ಖಾಲಿ ಜಾಗಗಳಿದ್ದರೂ, ಒಂದೂ ಇಲ್ಲದಿದ್ದರೂ ಹೊಂದಲಿ ಎಂಬುದಕ್ಕಾಗಿ ನಕ್ಷತ್ರದ ವಿಶೇಷ ಅರ್ಥ ಇಲ್ಲಿ ನಮಗೆ ಬೇಕು. ಪ್ರತಿ ಚಿಹ್ನೆಯ ಮುಂದೆಯೂ ನಿಂತು ‘ಇಲ್ಲಿ ಇದು ಅಕ್ಷರವೋ, ಆಜ್ಞೆಯೋ’ ಎಂದು ಕೇಳಿಕೊಳ್ಳದೆ ಈ ಕೆಲಸ ನಡೆಯದು.

ಎಸ್ಕೇಪ್ ಸರಿಯಾಗಿದ್ದ ಮಾತ್ರಕ್ಕೆ ಪ್ಯಾಟರ್ನ್ ಸರಿಯಾಯಿತೆಂದಲ್ಲ. ‘ರಾಬರ್ಟ್‌ಸನ್‌ಪೇಟೆ, ಕೆ.ಜಿ.ಎಫ್.’ ಎಂಬ ವಿಳಾಸದಲ್ಲಿಯೂ ‘ಕೆ.ಜಿ.’ ಇದೆ, ಚಿನ್ನದ ಗಣಿಯ ಊರು ‘ಕಿಲೋಎಫ್.’ ಆಗಬಾರದಲ್ಲವೇ? ಅದಕ್ಕೆ `ಕೆ\.ಜಿ\.(?!ಎಫ್)` ಎಂದು, ‘ಮುಂದೆ ಎಫ್ ಇರಕೂಡದು’ ಎಂಬ ಷರತ್ತನ್ನು ಸೇರಿಸಬಹುದು. ಗೂಗಲ್ ಶೀಟ್ಸ್‌ನ ರೆಜೆಕ್ಸ್‌ರೀಪ್ಲೇಸ್ ಬಳಸುವ ಆರ್‌ಇ2 ಎಂಬ ಎಂಜಿನ್ನಿನಲ್ಲಿ (ಪ್ಯಾಟರ್ನ್ ಓದಿ ಹುಡುಕುವ ತಂತ್ರಾಂಶದಲ್ಲಿ) ಈ ಸೌಲಭ್ಯ ಇಲ್ಲದ ಕಾರಣ, ಅಲ್ಲಿ `ಕೆ\.ಜಿ\.([^ಎ]|$)` ಎಂದು, ಅಂದರೆ ಮುಂದೆ ‘ಎ’ ಅಲ್ಲದ ಅಕ್ಷರ ಅಥವಾ ಪಠ್ಯದ ಕೊನೆ ಇರುವಂತೆ ಹುಡುಕಿ, `ಕಿಲೋ$1` ಎಂದು ಬದಲಿಸಬೇಕು; `$1` ಎಂದರೆ ಕಂಸದಲ್ಲಿ ಸಿಕ್ಕಿದ್ದು. ಪದದ ಅಂಚನ್ನು ಸೂಚಿಸಲು ಇಂಗ್ಲಿಷ್ ಬರಹದಲ್ಲಿ ಬಳಸುವ, ಬ್ಯಾಕ್‌ಸ್ಲ್ಯಾಶ್ ಮತ್ತು ‘ಬಿ’ ಅಕ್ಷರ ಸೇರಿದ ಗುರುತನ್ನು ಕನ್ನಡದಲ್ಲಿ ನಂಬಬೇಡಿ. ಜಾವಾಸ್ಕ್ರಿಪ್ಟ್‌ನಲ್ಲಿ ಅದಕ್ಕೆ ಕನ್ನಡದ ಅಕ್ಷರಗಳು ಅಕ್ಷರಗಳೇ ಅಲ್ಲ. ಪೈಥಾನ್‌ನ ರೀ ಮಾಡ್ಯೂಲಿನಲ್ಲಿ ಗುಣಿತ ಚಿಹ್ನೆಗಳು ಪದದ ಭಾಗವೆನಿಸದೆ, ಪದದ ನಡುವೆಯೇ ಅಂಚು ಬಂದಂತಾಗುತ್ತದೆ.

ಕಂಸಗಳು ಎರಡು ಬಗೆಯಲ್ಲಿ ಕಾಡುತ್ತವೆ. ‘500.00 (ಐದು ನೂರು ರೂಪಾಯಿ)’ ಎಂಬಲ್ಲಿ ಕಂಸವೂ ಸೇರಿದಂತೆ ಅಳಿಸಬೇಕೆಂದು `(ಐದು ನೂರು ರೂಪಾಯಿ)` ಎಂದೇ ಕೊಟ್ಟರೆ ಒಳಗಿನ ಪದಗಳಷ್ಟೇ ಅಳಿದು, ಖಾಲಿ `()` ಉಳಿದುಬಿಡುತ್ತದೆ. ತೆರೆದ ಕಂಸವೊಂದನ್ನೇ ಕೊಟ್ಟರೆ ಪ್ರೋಗ್ರಾಂ ದೋಷ ತೋರಿಸಿ ನಿಲ್ಲುತ್ತದೆ, ಅದು ನಮ್ಮ ಪುಣ್ಯ. ಬೇಕಾದ ಪ್ಯಾಟರ್ನ್ `\([^)]*\)`. ಇದರಲ್ಲಿ ಚೌಕ ಕಂಸದ ಒಳಗಿರುವ `)` ಚಿಹ್ನೆಗೆ ಬ್ಯಾಕ್‌ಸ್ಲ್ಯಾಶ್ ಬೇಕಾಗಿಲ್ಲ.

ಚೌಕ ಕಂಸದ ಆಶ್ರಯ

ಚೌಕ ಕಂಸ ಎಂದರೆ ‘ಒಳಗಿರುವ ಅಕ್ಷರಗಳಲ್ಲಿ ಯಾವುದಾದರೂ ಒಂದು’. ಅದರೊಳಗೆ ನಿಯಮಗಳು ಬೇರೆ: ಅಲ್ಲಿ ಸಾಮಾನ್ಯವಾಗಿ `]`, `\`, ಮೊದಲ ಸ್ಥಾನದ `^`, ನಡುವಿನ `-` ಇಷ್ಟಕ್ಕೆ ಮಾತ್ರ ವಿಶೇಷ ಅರ್ಥವಿದ್ದು, ಚುಕ್ಕಿ, ನೆಟ್ಟಗಿನ ಗೆರೆ, ನಕ್ಷತ್ರ, ಡಾಲರ್ ಎಲ್ಲವೂ ಬರಿಯ ಅಕ್ಷರಗಳಾಗುತ್ತವೆ. ಆದ್ದರಿಂದ `ರೂ\.` ಬದಲು `ರೂ[.]` ಎಂದೂ, `ತಾ\|\|` ಬದಲು `ತಾ[|][|]` ಎಂದೂ ಬರೆಯಬಹುದು. ನೋಡಲು ಸ್ವಲ್ಪ ಒಡ್ಡೊಡ್ಡಾಗಿದ್ದರೂ ನಾನು ಇದನ್ನೇ ಹೆಚ್ಚು ಬಳಸುತ್ತೇನೆ, ಅದಕ್ಕೆ ಕಾರಣ ಸೆಡ್ ಎಂಬ ಹಳೆಯ ಉಪಕರಣ.

ಲಿನಕ್ಸ್‌ನ ಸೆಡ್ ಆಜ್ಞೆ ತನ್ನ ಮೂಲ ವಿಧಾನದಲ್ಲಿ ತಲೆಕೆಳಗಾಗಿ ವರ್ತಿಸುತ್ತದೆ. ಅಲ್ಲಿ ಬರಿಯ `|`, `+`, `?`, `(`, `)`, `{` ಚಿಹ್ನೆಗಳು ಸಾಮಾನ್ಯ ಅಕ್ಷರಗಳು; ಬ್ಯಾಕ್‌ಸ್ಲ್ಯಾಶ್ ಹಾಕಿದಾಗಲೇ ಅವುಗಳಿಗೆ ವಿಶೇಷ ಅರ್ಥ ಬರುವುದು. ನನ್ನ ಪಟ್ಟಿಯನ್ನು ಹಾಳುಮಾಡಿದ `ಜಿ||` ಪ್ಯಾಟರ್ನ್ ಅಲ್ಲಿ ಯಾವ ತೊಂದರೆಯೂ ಇಲ್ಲದೆ ಸರಿಯಾಗಿ ನಡೆಯುತ್ತದೆ, ಸರಿಪಡಿಸಿದ `ಜಿ\|\|` ಪ್ಯಾಟರ್ನ್ ಗ್ನೂ ಸೆಡ್‌ನಲ್ಲಿ ‘ಅಥವಾ’ ಆಗಿ ಮಾರ್ಪಟ್ಟು ಕೆಡುತ್ತದೆ. `ಜಿ[|][|]` ಮಾತ್ರ ಎರಡೂ ಕಡೆ ಒಂದೇ ಫಲ ಕೊಡುತ್ತದೆ. ಅನುಮಾನ ಬಂದಲ್ಲೆಲ್ಲ ಒಂದು ಬ್ಯಾಕ್‌ಸ್ಲ್ಯಾಶ್ ಹಾಕಿಬಿಡೋಣ ಎಂಬ ಅಭ್ಯಾಸ ಒಳ್ಳೆಯದಲ್ಲ ಎನ್ನಲು ಇದೊಂದೇ ಕಾರಣವಲ್ಲ: ಅಕ್ಷರ ಅಥವಾ ಅಂಕಿಯ ಹಿಂದೆ ಹಾಕಿದರೆ ಹೊಸ ಅರ್ಥ ಹುಟ್ಟುತ್ತದೆ, ಜಾವಾಸ್ಕ್ರಿಪ್ಟ್‌ನ ಯೂನಿಕೋಡ್ ವಿಧಾನದಲ್ಲಿ ಅನಗತ್ಯ ಎಸ್ಕೇಪ್ ಮಾಡಿದರೆ ದೋಷವೆಂದೇ ತಿರಸ್ಕೃತವಾಗುತ್ತದೆ.

ಈಗ ಜಿಲ್ಲೆಯ ಬದಲಾವಣೆಗೆ ಬರೋಣ. ಹುಡುಕುವ ಪೆಟ್ಟಿಗೆಯಲ್ಲಿ:

`(ಗೌರಿಬಿದನೂರು|ಬಾಗೇಪಲ್ಲಿ|ಗುಡಿಬಂಡೆ|ಚಿಂತಾಮಣಿ|ಶಿಡ್ಲಘಟ್ಟ|ಚಿಕ್ಕಬಳ್ಳಾಪುರ) ತಾ[|][|], ಕೋಲಾರ ಜಿ[|][|]`

ಬದಲಿಸುವ ಪೆಟ್ಟಿಗೆಯಲ್ಲಿ:

`$1 ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ`

ಒಂದೇ ಪ್ಯಾಟರ್ನಿನೊಳಗೆ ನೆಟ್ಟಗಿನ ಗೆರೆ ಎರಡು ವೇಷಗಳಲ್ಲಿದೆ. ಊರುಗಳ ನಡುವೆ ಅದು ‘ಅಥವಾ’, ಚೌಕ ಕಂಸದೊಳಗೆ ಅದು ಕೇವಲ ಗೆರೆ. ಇದಾದ ಮೇಲೆ ಕೋಲಾರದಲ್ಲಿಯೇ ಉಳಿದವರಿಗಾಗಿ `ತಾ[|][|]` ಮತ್ತು `ಜಿ[|][|]` ಎರಡನ್ನೂ ಬಿಡಿಯಾಗಿ ಬದಲಿಸಬೇಕು. ಕ್ರಮ ಹಿಂದುಮುಂದಾದರೆ, ಅಂದರೆ ಬಿಡಿ ಬದಲಾವಣೆಯನ್ನು ಮೊದಲು ಮಾಡಿದರೆ, ದೊಡ್ಡ ಪ್ಯಾಟರ್ನಿಗೆ ಹೊಂದುವ ಸಾಲೇ ಉಳಿಯುವುದಿಲ್ಲ.

ಮೂರನೆಯ ಹಂತ: ಬದಲಿಸುವ ಪೆಟ್ಟಿಗೆಯ ಚಿಹ್ನೆಗಳು

ಹುಡುಕುವ ಕಡೆ ಎಚ್ಚರ ವಹಿಸುವವರೂ ಎಡವುವ ಜಾಗ ಇದು. ಬದಲಿಸುವ ಪಠ್ಯ ಬರಿಯ ಪಠ್ಯವಲ್ಲ. ಅದಕ್ಕೂ ತನ್ನದೇ ವಿಶೇಷ ಚಿಹ್ನೆಗಳಿವೆ, ಅವು ಹುಡುಕುವ ಕಡೆಯ 12 ಚಿಹ್ನೆಗಳಿಗಿಂತ ಬೇರೆ, ಮೇಲಾಗಿ ಒಂದೊಂದು ಭಾಷೆಯಲ್ಲಿ ಒಂದೊಂದು. ಬದಲಿಸುವ ಕಡೆ ಚುಕ್ಕಿಗೂ ನಕ್ಷತ್ರಕ್ಕೂ ಅರ್ಥವಿಲ್ಲದ್ದರಿಂದ, ಹುಡುಕಲು ಬರೆದ `ರೂ\.` ಎಂಬುದನ್ನು ಅಲ್ಲಿಗೂ ನಕಲಿಸಿದರೆ ಹಲವು ಕಡೆ ಬ್ಯಾಕ್‌ಸ್ಲ್ಯಾಶ್ ಹಾಗೆಯೇ ಪಠ್ಯದೊಳಗೆ ಸೇರಿಕೊಳ್ಳುತ್ತದೆ.

ಜಾವಾಸ್ಕ್ರಿಪ್ಟ್‌ನಲ್ಲಿ ಆ ಚಿಹ್ನೆ ಡಾಲರ್. `$1` ಮೊದಲ ಕಂಸದಲ್ಲಿ ಸಿಕ್ಕಿದ್ದನ್ನೂ, `$&` ಸಿಕ್ಕ ಇಡೀ ಭಾಗವನ್ನೂ ಸೂಚಿಸುತ್ತವೆ. ನಮ್ಮ ಕಡೆ ಡಾಲರ್ ಎಲ್ಲಿಂದ ಬಂತು ಎನ್ನುವವರು ಚಿಕ್ಕಬಳ್ಳಾಪುರದ ಗುಲಾಬಿ ಈರುಳ್ಳಿಯನ್ನು ನೆನೆಯಬೇಕು. ಅದು ಹೊರದೇಶಗಳಿಗೆ ಹೋಗುವ ಬೆಳೆ, ಅದರ ಬಿಲ್ಲು ಡಾಲರಿನಲ್ಲಿ ಇರಬಹುದು. ಅಂಥ ಬಿಲ್ಲಿನ ‘ಮೊತ್ತ: 90.00’ ಎಂಬಲ್ಲಿ ಮೊತ್ತವನ್ನು 125 ಡಾಲರಿಗೆ ತಿದ್ದಲು `(ಮೊತ್ತ: )[0-9.]+` ಎಂದು ಹುಡುಕಿ `$1$125.00` ಎಂದು ಕೊಟ್ಟೆವೆನ್ನಿ. ಕಂಸ ಒಂದೇ ಇರುವುದರಿಂದ ಎಂಜಿನ್ ಎರಡನೆಯ ಡಾಲರನ್ನೂ ಅದರ ಮುಂದಿನ 1ನ್ನೂ ಸೇರಿಸಿ ‘ಮೊದಲ ಕಂಸ’ ಎಂದೇ ಓದಿ, ‘ಮೊತ್ತ: ಮೊತ್ತ: 25.00’ ಎಂದು ಬರೆಯುತ್ತದೆ. ನೂರು ಡಾಲರ್ ಮಾಯ! ಡಾಲರನ್ನು ಡಾಲರಾಗಿಯೇ ಉಳಿಸಲು ಅದನ್ನು ಇಮ್ಮಡಿಸಿ `$1$$125.00` ಎಂದು ಬರೆಯಬೇಕು. ಡಾಟ್‌ನೆಟ್‌ನಲ್ಲಿಯೂ ಇಮ್ಮಡಿಸುವುದೇ ಕ್ರಮ. ಜಾವಾದಲ್ಲಿ ಮಾತ್ರ `\$` ಎಂದು ಬ್ಯಾಕ್‌ಸ್ಲ್ಯಾಶ್ ಬೇಕು. ಕಂಸವೇ ಇಲ್ಲದ ಪ್ಯಾಟರ್ನಿಗೆ `$125` ಎಂದು ಕೊಟ್ಟರೆ ಅಲ್ಲಿ ಪ್ರೋಗ್ರಾಂ ದೋಷದೊಡನೆ ನಿಲ್ಲುತ್ತದೆ. ಜಾವಾಸ್ಕ್ರಿಪ್ಟ್‌ನ ಇನ್ನೊಂದು ಸಂಗತಿ ಅನುಭವಿಗಳಿಗೂ ಹೊಸದೆನಿಸಬಹುದು: ಹುಡುಕುವ ಕಡೆ ಪ್ಯಾಟರ್ನ್ ಅಲ್ಲದ ಸಾಮಾನ್ಯ ಸ್ಟ್ರಿಂಗ್ ಕೊಟ್ಟಾಗಲೂ ಬದಲಿಸುವ ಕಡೆಯ `$&` ಮತ್ತು `$$` ತಮ್ಮ ಅರ್ಥವನ್ನು ಉಳಿಸಿಕೊಂಡಿರುತ್ತವೆ.

ಪೈಥಾನ್‌ನಲ್ಲಿ ಡಾಲರಿಗೆ ಬದಲಿಸುವ ಕಡೆ ಯಾವ ಅರ್ಥವೂ ಇಲ್ಲ, ಎಲ್ಲ ಅಧಿಕಾರವೂ ಬ್ಯಾಕ್‌ಸ್ಲ್ಯಾಶ್‌ನದು. ಮೊದಲ ಕಂಸ `\1`. ಹೀಗಾಗಿ ವಿಂಡೋಸ್‌ನ ಕಡತದ ಹಾದಿಗಳನ್ನು ಬದಲಿ ಪಠ್ಯವಾಗಿ ಕೊಡುವಾಗ ತೊಂದರೆ ಬರುತ್ತದೆ. `ಡಿ:\2024\ದರಪಟ್ಟಿ` ಎಂಬುದನ್ನು ಹಾಗೆಯೇ ಕೊಟ್ಟರೆ `\202` ಎಂಬ ಭಾಗವನ್ನು ಅಷ್ಟಮಾನ ಸಂಖ್ಯೆಯೆಂದು ಓದುವ ಪೈಥಾನ್, ಅದರ ಜಾಗದಲ್ಲಿ ಕಣ್ಣಿಗೆ ಕಾಣದ ನಿಯಂತ್ರಣ ಅಕ್ಷರವೊಂದನ್ನು ಇಟ್ಟು, ಕೊನೆಯ 4ನ್ನು ಮಾತ್ರ ಉಳಿಸುತ್ತದೆ. ದೋಷದ ಸಂದೇಶವೂ ಇಲ್ಲ. ಬ್ಯಾಕ್‌ಸ್ಲ್ಯಾಶ್‌ಗಳನ್ನು ಇಮ್ಮಡಿಸಿ `ಡಿ:\\2024\\ದರಪಟ್ಟಿ` ಎನ್ನುವುದು ಒಂದು ದಾರಿ. ಬದಲಿ ಪಠ್ಯವನ್ನು ನೇರವಾಗಿ ಕೊಡುವ ಬದಲು, ಅದನ್ನು ಹಿಂದಿರುಗಿಸುವ ಒಂದು ಸಣ್ಣ ಫಂಕ್ಷನ್ (ಪ್ರೋಗ್ರಾಮಿನ ಕಿರುಘಟಕ) ಕೊಡುವುದು ಇನ್ನೊಂದು. ಫಂಕ್ಷನ್ ಕೊಟ್ಟದ್ದನ್ನು ಪೈಥಾನ್ ಆಗಲಿ ಜಾವಾಸ್ಕ್ರಿಪ್ಟ್ ಆಗಲಿ ಮತ್ತೆ ಬಿಡಿಸಿ ಓದುವುದಿಲ್ಲ. ಬದಲಿ ಪಠ್ಯ ಬಳಕೆದಾರರಿಂದ ಬರುವಲ್ಲೆಲ್ಲ ನನ್ನ ಆಯ್ಕೆ ಎರಡನೆಯದೇ.

ಸೆಡ್ ಮತ್ತು ಲಿಬ್ರೆಆಫೀಸ್‌ಗಳಲ್ಲಿ `&` ಎಂದರೆ ಸಿಕ್ಕ ಇಡೀ ಭಾಗ. ‘ತರಕಾರಿ ಮಂಡಿ’ ಎಂಬುದನ್ನು ‘ತರಕಾರಿ & ಹಣ್ಣಿನ ಮಂಡಿ’ ಮಾಡಲು ಹೊರಟರೆ ‘ತರಕಾರಿ ತರಕಾರಿ ಮಂಡಿ ಹಣ್ಣಿನ ಮಂಡಿ’ ಎಂಬ ಫಲಕ ಸಿದ್ಧವಾಗುತ್ತದೆ; `\&` ಎಂದು ಬರೆಯಬೇಕು. ಸೆಡ್‌ನಲ್ಲಿ ಎರಡು ಭಾಗಗಳನ್ನು ಬೇರ್ಪಡಿಸುವ ಓರೆಗೆರೆ ಪಠ್ಯದಲ್ಲಿಯೇ ಇದ್ದರೆ, ಉದಾಹರಣೆಗೆ ‘12/03/2006’ ಎಂಬ ದಿನಾಂಕವಿದ್ದರೆ, ಪ್ರತಿಯೊಂದನ್ನೂ ಎಸ್ಕೇಪ್ ಮಾಡುವ ಬದಲು ಬೇರ್ಪಡಿಸುವ ಚಿಹ್ನೆಯನ್ನೇ `#` ಎಂದು ಬದಲಿಸಿಕೊಳ್ಳುವುದು ಸುಲಭ. ನೋಟ್‌ಪ್ಯಾಡ್++ನಲ್ಲಿ ಬದಲಿಸುವ ಪೆಟ್ಟಿಗೆಯ ಕಂಸಗಳಿಗೂ ಅರ್ಥವಿದ್ದು, ಅವು ಪಠ್ಯದಲ್ಲಿ ಬರಬೇಕಾದರೆ `\(` ಮತ್ತು `\)` ಎಂದೇ ಬರೆಯಬೇಕಾಗುತ್ತದೆ.

ನಾಲ್ಕನೆಯ ಹಂತ: ಪ್ರೋಗ್ರಾಮಿನೊಳಗೆ ಬರೆಯುವಾಗ

ಪ್ರೋಗ್ರಾಂ ಬರೆಯುವಾಗ ಇನ್ನೊಂದು ಪದರ ಸೇರಿಕೊಳ್ಳುತ್ತದೆ. ಜಾವಾದಲ್ಲಿ ಉದ್ಧರಣ ಚಿಹ್ನೆಗಳ ನಡುವಿನ ಪಠ್ಯವನ್ನು ಮೊದಲು ಕಂಪೈಲರ್ ಓದುತ್ತದೆ, ಉಳಿದದ್ದನ್ನು ಆಮೇಲೆ ಪ್ಯಾಟರ್ನಿನ ಎಂಜಿನ್ ಓದುತ್ತದೆ, ಇಬ್ಬರಿಗೂ ಬ್ಯಾಕ್‌ಸ್ಲ್ಯಾಶ್ ಬೇಕು. ಹಾಗಾಗಿ `ರೂ\.` ಎಂಬ ಪ್ಯಾಟರ್ನನ್ನು `"ರೂ\\."` ಎಂದು ಬರೆಯಬೇಕು, ಒಂದೇ ಒಂದು ಬ್ಯಾಕ್‌ಸ್ಲ್ಯಾಶನ್ನು ಹುಡುಕಲು `"\\\\"` ಎಂದು 4 ಬೇಕಾಗುತ್ತವೆ. ಪೈಥಾನ್‌ನಲ್ಲಿ ಉದ್ಧರಣದ ಹಿಂದೆ ‘ಆರ್’ ಅಕ್ಷರ ಹಾಕಿದರೆ ಮೊದಲ ಪದರ ಇಲ್ಲವಾಗುವುದರಿಂದ ಕಣ್ಣಿಗೆ ಹಿತ. ಕಡತದಿಂದ ಅಥವಾ ಪೆಟ್ಟಿಗೆಯಿಂದ ಬಂದ ಪಠ್ಯಕ್ಕೆ ಈ ಪದರವೇ ಇಲ್ಲವೆಂಬುದನ್ನು ಮರೆತು, ಅದಕ್ಕೂ ಇಮ್ಮಡಿಸಲು ಹೋಗಬಾರದು.

ಹುಡುಕಬೇಕಾದ ಪದ ಮೊದಲೇ ಗೊತ್ತಿಲ್ಲದೆ, ಬಳಕೆದಾರರು ಟೈಪ್ ಮಾಡಿದಾಗ ಮಾತ್ರ ಸಿಗುವುದಾದರೆ, ಎಸ್ಕೇಪ್ ಕೆಲಸವನ್ನು ಭಾಷೆಯಲ್ಲಿ ಸಿದ್ಧವಿರುವ ಫಂಕ್ಷನ್‌ಗೆ ಒಪ್ಪಿಸಿ. ಪೈಥಾನ್‌ನ ರೀ ಮಾಡ್ಯೂಲಿನಲ್ಲಿ ಎಸ್ಕೇಪ್, ಜಾವಾದಲ್ಲಿ ಪ್ಯಾಟರ್ನ್ ಕ್ಲಾಸಿನ ಕೋಟ್, ಡಾಟ್‌ನೆಟ್‌ನಲ್ಲಿ ರೆಜೆಕ್ಸ್ ಕ್ಲಾಸಿನ ಎಸ್ಕೇಪ್, ಪಿಎಚ್‌ಪಿಯಲ್ಲಿ ಪ್ರೆಗ್_ಕೋಟ್ ಇವೆ. ಪಿಎಚ್‌ಪಿಯದಕ್ಕೆ ನೀವು ಬಳಸುವ ಬೇರ್ಪಡಿಸುವ ಚಿಹ್ನೆಯನ್ನು ಎರಡನೆಯ ಮೌಲ್ಯವಾಗಿ ಕೊಡುವುದನ್ನು ಮರೆಯಬೇಡಿ. ಪೈಥಾನ್ 3.7ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಈ ಫಂಕ್ಷನ್ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳಲ್ಲದ ಬಹುತೇಕ ಎಲ್ಲದರ ಹಿಂದೆಯೂ ಬ್ಯಾಕ್‌ಸ್ಲ್ಯಾಶ್ ಹಾಕುತ್ತಿದ್ದ ಕಾರಣ, ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಗುಣಿತಕ್ಕೂ ಒಂದೊಂದು ಅಂಟಿಕೊಳ್ಳುತ್ತಿತ್ತು. ಹುಡುಕಾಟಕ್ಕೆ ಅದರಿಂದ ತೊಂದರೆಯಿರಲಿಲ್ಲ, ಓದಲು ಮಾತ್ರ ಆಗುತ್ತಿರಲಿಲ್ಲ. ಇದೇ ಫಂಕ್ಷನ್ನನ್ನು ಬದಲಿ ಪಠ್ಯದ ಮೇಲೆ ಬಳಸಕೂಡದು. ಜಾವಾದಲ್ಲಿ ಅದಕ್ಕಾಗಿಯೇ ಮ್ಯಾಚರ್ ಕ್ಲಾಸಿನಲ್ಲಿ ಕೋಟ್‌ರೀಪ್ಲೇಸ್‌ಮೆಂಟ್ ಎಂಬ ಬೇರೆ ಸೌಲಭ್ಯವಿದೆ. ಜಾವಾಸ್ಕ್ರಿಪ್ಟ್‌ಗೆ ಇಂಥ ಫಂಕ್ಷನ್ ಅಧಿಕೃತವಾಗಿ ಸೇರಿದ್ದು ಆ ಭಾಷೆಯ ಪ್ರಮಾಣಿತ ರೂಪವಾದ ಎಕ್ಮಾಸ್ಕ್ರಿಪ್ಟ್ 2025ರಲ್ಲಿ. ಅದಿಲ್ಲದ ಹಳೆಯ ಬ್ರೌಸರುಗಳಿಗೆ ಕೆಳಗಿನ ಪ್ಯಾಟರ್ನಿಗೆ ಹೊಂದುವ ಎಲ್ಲವನ್ನೂ `\$&` ಎಂದು, ಅಂದರೆ ‘ಒಂದು ಬ್ಯಾಕ್‌ಸ್ಲ್ಯಾಶ್ ಮತ್ತು ಸಿಕ್ಕ ಚಿಹ್ನೆ’ ಎಂದು ಬದಲಿಸಿಕೊಳ್ಳಬೇಕು; ಉದ್ಧರಣದೊಳಗೆ ಅದನ್ನು `"\\$&"` ಎಂದು ಬರೆಯುವುದು:

`[.*+?^${}()|[\]\\]`

ಚಿಹ್ನೆಗಳನ್ನು ಒಂದೊಂದಾಗಿ ಎಸ್ಕೇಪ್ ಮಾಡುವವರು ಬ್ಯಾಕ್‌ಸ್ಲ್ಯಾಶನ್ನು ಕೊನೆಗೆ ಇಟ್ಟುಕೊಂಡರೆ, ಆಗಲೇ ತಾವು ಹಾಕಿದ ಬ್ಯಾಕ್‌ಸ್ಲ್ಯಾಶ್‌ಗಳನ್ನೇ ಮತ್ತೆ ಎಸ್ಕೇಪ್ ಮಾಡಿದಂತಾಗುತ್ತದೆ. ಮೇಲಿನ ಪ್ಯಾಟರ್ನ್ ಎಲ್ಲವನ್ನೂ ಒಂದೇ ಓಟದಲ್ಲಿ ಮುಗಿಸುವುದರಿಂದ ಆ ಚಿಂತೆಯಿಲ್ಲ.

ಹಲವು ಸಂಕ್ಷೇಪಗಳನ್ನು ಒಟ್ಟಿಗೆ ಬದಲಿಸುವಾಗಲೂ ಒಂದೇ ಓಟ ಒಳ್ಳೆಯದು. ಪಟ್ಟಿಯಲ್ಲಿ ಕೆಲವರು ಜಿಲ್ಲೆಗೆ ‘ಜಿ.’ ಎಂದೂ ಬರೆದಿದ್ದರು. ಅದನ್ನು ಮೊದಲು ಬದಲಿಸಿದ್ದರೆ ‘10 ಕೆ.ಜಿ.’ ಎಂಬುದು ‘10 ಕೆ.ಜಿಲ್ಲೆ’ ಆಗುತ್ತಿತ್ತು. ಪ್ರತಿ ಸಂಕ್ಷೇಪವನ್ನೂ ಬೇರೆಬೇರೆಯಾಗಿ ಎಸ್ಕೇಪ್ ಮಾಡಿ, ಉದ್ದವಾದದ್ದು ಮೊದಲು ಬರುವಂತೆ ಜೋಡಿಸಿ, ಆಮೇಲೆ ನಡುವೆ ‘ಅಥವಾ’ ಗೆರೆ ಹಾಕಬೇಕು:

`ಕೆ\.ಜಿ\.ಎಫ್\.|ಕೆ\.ಜಿ\.|ತಾ\|\||ಜಿ\|\||ರೂ\.|ಜಿ\.`

ಸಿಕ್ಕ ಸಂಕ್ಷೇಪಕ್ಕೆ ತಕ್ಕ ಪದವನ್ನು ಒಂದು ಕೋಷ್ಟಕದಿಂದ ತೆಗೆದು ಫಂಕ್ಷನ್ ಹಿಂದಿರುಗಿಸುತ್ತದೆ. `ತಾ\|\||` ಎಂಬಲ್ಲಿರುವ ಮೂರು ಗೆರೆಗಳಲ್ಲಿ ಮೊದಲೆರಡು ಅಕ್ಷರಗಳು, ಮೂರನೆಯದು ಆಜ್ಞೆ. ಮೊದಲು ಜೋಡಿಸಿ ಆಮೇಲೆ ಒಟ್ಟಿಗೆ ಎಸ್ಕೇಪ್ ಮಾಡಿದರೆ ಆ ಮೂರನೆಯದೂ ಅಕ್ಷರವಾಗಿ, ಇಡೀ ಪ್ಯಾಟರ್ನ್ ಯಾವುದಕ್ಕೂ ಹೊಂದದೆ ಸುಮ್ಮನಿರುತ್ತದೆ.

ಕೊನೆಯ ಹಂತ: ಎಣಿಸಿ ನೋಡುವುದು

ಬದಲಿಸುವ ಮೊದಲು ಅದೇ ಪ್ಯಾಟರ್ನಿನಿಂದ ಬರಿಯ ಹುಡುಕಾಟ ನಡೆಸಿ ಎಷ್ಟು ಕಡೆ ಹೊಂದಿತೆಂದು ಎಣಿಸಿ. ಎಸ್ಕೇಪ್ ತಪ್ಪಿದ ಪ್ಯಾಟರ್ನ್ ಸಾಮಾನ್ಯವಾಗಿ ನಂಬಲಾಗದಷ್ಟು ದೊಡ್ಡ ಸಂಖ್ಯೆಯನ್ನೋ ಸೊನ್ನೆಯನ್ನೋ ತೋರಿಸುತ್ತದೆ. ಸೊನ್ನೆ ಬಂದಾಗ ಎಸ್ಕೇಪನ್ನು ಮಾತ್ರ ಅನುಮಾನಿಸಬೇಡಿ. ‘ರಾಬರ್ಟ್‌ಸನ್‌ಪೇಟೆ’ ಎಂಬ ಪದದಲ್ಲಿ ಹಲಂತವನ್ನು ಬಿಡಿಯಾಗಿ ತೋರಿಸಲು ಕಾಣದ ಅಕ್ಷರವೊಂದು ಇರುತ್ತದೆ, ಅದನ್ನು ಒಬ್ಬರು ಹಾಕಿರುತ್ತಾರೆ, ಇನ್ನೊಬ್ಬರು ಬಿಟ್ಟಿರುತ್ತಾರೆ. ಅಲ್ಲಿ ಚುಕ್ಕಿಯ ವಿಶೇಷ ಅರ್ಥವೇ ನೆರವಿಗೆ ಬರುತ್ತದೆ: ಹಲಂತದ ಮುಂದೆ `.?` ಹಾಕಿದರೆ ಆ ಅಕ್ಷರ ಇದ್ದರೂ ಇಲ್ಲದಿದ್ದರೂ ಹೊಂದುತ್ತದೆ. ‘ಕೊ’ ಎಂಬುದನ್ನು ಕೆಲವು ಪರಿವರ್ತಕಗಳು ಒಂದೇ ಗುಣಿತ ಚಿಹ್ನೆಯಾಗಿ ಬರೆಯದೆ ಎತ್ವ ಮತ್ತು ದೀರ್ಘ ಉಕಾರಗಳ ಎರಡು ತುಂಡುಗಳಾಗಿ ಬರೆದಿರುವುದೂ ಉಂಟು. ‘ಕೊರಟಗೆರೆ’ಯನ್ನು ಹುಡುಕುವ ಮುನ್ನ ಇಡೀ ಪಠ್ಯವನ್ನು, ಇಂಥ ತುಂಡುಗಳನ್ನು ಒಂದೇ ಚಿಹ್ನೆಯಾಗಿ ಕೂಡಿಸುವ ಯೂನಿಕೋಡಿನ ಎನ್‌ಎಫ್‌ಸಿ ರೂಪಕ್ಕೆ ತಂದುಕೊಂಡರೆ ಈ ಭೇದ ಅಳಿಯುತ್ತದೆ.

ಎಲ್ಲ ಬದಲಾವಣೆಗಳೂ ಮುಗಿದ ಮೇಲೆ ನಾನು `[|]` ಎಂದು ಹುಡುಕಿ ಉಳಿದ ಗೆರೆಗಳನ್ನು ನೋಡಿದೆ. ‘ತಾ ||’ ಎಂದು ನಡುವೆ ಜಾಗ ಬಿಟ್ಟವು ಕೆಲವು ಸಿಕ್ಕವು. ಆ ಹುಡುಕಾಟಕ್ಕೆ ಸಿಗದೆ ‘ತಾ॥’ ಎಂದೇ ಉಳಿದಿದ್ದ ಸಾಲುಗಳು ಬೇರೆ. ಅಲ್ಲಿದ್ದದ್ದು ಕೀಲಿಮಣೆಯ ಎರಡು ಗೆರೆಗಳಲ್ಲ, ಶ್ಲೋಕದ ಕೊನೆಗೆ ಬರುವ ಜೋಡಿ ದಂಡ, ಅದು ಯೂನಿಕೋಡಿನಲ್ಲಿ ಬೇರೆಯೇ ಒಂದು ಅಕ್ಷರ, ಅದಕ್ಕೆ ಪ್ಯಾಟರ್ನಿನಲ್ಲಿ ಯಾವ ವಿಶೇಷ ಅರ್ಥವೂ ಇಲ್ಲ. ಎರಡನ್ನೂ ಹಿಡಿಯಲು ಕೊನೆಯ ಸಲ ಓಡಿಸಿದ ಪ್ಯಾಟರ್ನ್ ಇದು:

`ತಾ ?([|][|]|॥)`